ಊಟದ ಹೊತ್ತಿನ ಹಾಡು

"ಊಟಕ್ಕ ಯಾವ ಹಾಡ ಹಚ್ಚಲಿ, ವೈನಿ?" ಡಿಜೆ ಹಚ್ಚುವ ಯಲ್ಲಾಲಿಂಗ ಕೇಳಿದ.

"ಎಲ್ಲಾದಕ್ಕಿಂತ ಜೋರಂದು ಹಚ್ಚು. ಯಾರ ಮಾತೂ ಯಾರಿಗೂ ಕೇಳಬಾರದು ನೋಡ," ಎಂದಳು ದಾನೇಶ್ವರಿ. ಮಗಳ ಹುಟ್ಟುಹಬ್ಬಕ್ಕೆ ಕೌಜಲಗಿಯ ಅರ್ಧ ಊರೇ ಬಂದಿತ್ತು. ಅತ್ತೆ ಪಾರವ್ವನ ಮುಂಗೈ ಮುರಿದಿದ್ದರಿಂದ, ಇನ್ನೂರು ಜನರಿಗೆ ಆಗುವಷ್ಟು ಗೋದಿ-ಬೆಲ್ಲದ ಸಿಹಿ ಮಾದಲಿಯನ್ನು ಸೊಸೆಯೇ ಮೊದಲ ಬಾರಿಗೆ ಮಾಡಿದ್ದಳು. 'ಅತ್ತಿ ಕೈ ರುಚಿ ಬ್ಯಾರೇನ ಇತ್ತು' ಎಂಬ ಮಾತು ಕಿವಿಗೆ ಬೀಳದಿದ್ದರೆ ಅವಳಿಗೆ ಸಾಕಿತ್ತು.

ಹಾಡಿನ ಅಬ್ಬರಕ್ಕೆ ಪತ್ರಾವಳಿಗಳೂ ನಡುಗತೊಡಗಿದವು. ಒಂದು ಸುತ್ತು ಮಾದಲಿ ಬಡಿಸಿ ಬಂದಿದ್ದ ದಾನೇಶ್ವರಿ, ಎರಡನೇ ಸಲ ಬಕೀಟು ಹಿಡಿದು ಹೊಸ್ತಿಲು ದಾಟಿದಳೋ ಇಲ್ಲವೋ, ಪಂಗತಿಯುದ್ದಕ್ಕೂ ಕೈಗಳು ಎದ್ದು ಆಡತೊಡಗಿದವು. ಬಾಯಿಗಳೂ ಏನೋ ಅನ್ನುತ್ತಿದ್ದವು. ಬೇಡ, ಬೇಡ ಅನ್ನುತ್ತಿದ್ದಾರೆ! ಅವಳು ಅಲ್ಲಿಂದಲೇ ತಿರುಗಿ ಅಡುಗೆಮನೆಗೆ ಬಂದು ಬಕೀಟಿನ ಮೇಲೆ ತಾಟು ಮುಚ್ಚಿದಳು. "ಯಾರಿಗೂ ಸೇರಿಲ್ರಿ, ಅತ್ತಿ," ಎನ್ನುವಾಗ ಕಣ್ಣು ತುಂಬಿ ಬಂತು.

"ಸೇರಿಲ್ಲಂತ ಯಾರ ಬಾಯಿಂದ ಕೇಳಿದಿ?" ಎಂದ ಪಾರವ್ವ, ಪಟ್ಟಿ ಕಟ್ಟಿದ ಕೈಯನ್ನು ಎದೆಗೆ ಒತ್ತಿಕೊಂಡು ನೆಟ್ಟಗೆ ಯಲ್ಲಾಲಿಂಗನ ಬಳಿ ಹೋಗಿ, ಎಡಗೈಯಿಂದ ತಾನೇ ಹಾಡು ಬಂದ್ ಮಾಡಿದಳು. ಒಮ್ಮೆಲೇ ಪಂಗತಿಯ ಗದ್ದಲವೆಲ್ಲ ಅಡುಗೆಮನೆಗೆ ನುಗ್ಗಿತು. ಎಲ್ಲಕ್ಕೂ ಮೇಲೆ ರಾಜಪ್ಪ ಕಾಕಾನ ದನಿ:

"ಏ ದಾನವ್ವಾ, ಕರದು ಕರದು ಗಂಟಲ ಹರೀತು, ಕೈ ಮಾಡಿ ಮಾಡಿ ರಟ್ಟಿ ಬಿದ್ದು ಹೋತು. ಆ ಮಾದಲಿ ಬಕೀಟ ಎತ್ತಾಗ ಒಯ್ದೀಯವ್ವಾ?"