ಕಾರ್ಲಪ್ಪನ ಸೋಮವಾರ

"ಈ ಪುಟಕ್ಕೆ ನಾ ಮೊಳೆ ಜೋಡ್ಸಾಕಿಲ್ಲ ಮೇಷ್ಟ್ರೆ" ಎಂದು ಅಚ್ಚುಮೊಳೆ ಜೋಡಿಸುವ ಹುಲಿಯಪ್ಪ ಹಸ್ತಪ್ರತಿಯ ಕೊನೆಯ ಹಾಳೆಗಳನ್ನು ಮೇಜಿನ ಮೇಲಿಟ್ಟು, ಹಾರಿಹೋಗದಂತೆ ಅವುಗಳ ಮೇಲೊಂದು ಸೀಸದ ತುಂಡು ಹೇರಿದ.

ಹರಿಹರದ ಹೈಸ್ಕೂಲಿನಲ್ಲಿ ಚರಿತ್ರೆ ಹೇಳುವ ತಿಪ್ಪೇರುದ್ರಪ್ಪ ಮೇಷ್ಟರು ಆಗಷ್ಟೇ ಬಸ್ಸಿಳಿದು ದಾವಣಗೆರೆಯ ಈ ಅಚ್ಚುಕೂಟಕ್ಕೆ ಕಾಲಿಟ್ಟಿದ್ದರು. ಅದು ಅವರು ಒಂಬತ್ತು ವರ್ಷ ಕೂತು ಬರೆದ ಕಾದಂಬರಿ. ನಲವತ್ತು ವರ್ಷದ ಹಿಂದಿನ ಮೊದಲ ಮಹಾಯುದ್ಧದ ಕಾಲ, ಹೊಟ್ಟೆಪಾಡಿಗೆಂದು ಅಮೆರಿಕಾಕ್ಕೆ ಹೋಗಿ ಬೇಸಾಯಕ್ಕಿಳಿದ ಕಾರ್ಲ್ ಎಂಬ ಜರ್ಮನ್ ಹುಡುಗ. ಯುದ್ಧ ಶುರುವಾದದ್ದೇ ತಡ, ನಿನ್ನೆಯವರೆಗೆ ಮನೆಗೆ ಕರೆದು ಉಣ್ಣಲಿಕ್ಕುತ್ತಿದ್ದ ನೆರೆಯವರೇ ಅವನನ್ನು ಗೂಢಚಾರ ಅನ್ನತೊಡಗುತ್ತಾರೆ. ಬರುವ ಗುರುವಾರ ಶಾಲೆಯ ವಾರ್ಷಿಕೋತ್ಸವದಲ್ಲಿ ಪುಸ್ತಕದ ಬಿಡುಗಡೆ, ಆಹ್ವಾನಪತ್ರಿಕೆ ಊರೆಲ್ಲ ಹಂಚಿ ಆಗಿತ್ತು. ಉಳಿದದ್ದು ನಾಲ್ಕೇ ಪುಟ. ಬೇರೆಯವರ ಕೈಗೆ ಕೊಡೋಣವೆಂದರೆ, ಮೇಷ್ಟರ ಅಕ್ಷರ ಓದಬಲ್ಲವನು ಇಡೀ ದಾವಣಗೆರೆಯಲ್ಲಿ ಹುಲಿಯಪ್ಪನೊಬ್ಬನೇ. ಒಮ್ಮೊಮ್ಮೆ ತಾವು ಬರೆದದ್ದೇನೆಂದು ಮೇಷ್ಟರೇ ಅವನನ್ನು ಕೇಳುವುದಿತ್ತು.

"ಏನಾತು ಹುಲಿಯಪ್ಪ?"

"ನಮ್ಮ ಕಾರ್ಲಪ್ಪ ಸೋಮವಾರ ಎತ್ತು ಹೂಡ್ಯಾನೆ."

ಹುಲಿಯಪ್ಪ ಮಾಯಕೊಂಡದ ಒಕ್ಕಲು ಮನೆಯವನು. ಸೋಮವಾರ ಬಸವಣ್ಣನ ವಾರ, ಅಂದು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ ಎಂಬುದನ್ನು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಐದು ತಿಂಗಳಿಂದ ಒಂದೊಂದೇ ಮೊಳೆ ಹೆಕ್ಕಿ ಜೋಡಿಸುತ್ತ ಕಾರ್ಲ್ ಅವನ ಪಾಲಿಗೆ ಕಾರ್ಲಪ್ಪನಾಗಿದ್ದ. ಊರವರು ಕಾರ್ಲನ ಬಾಗಿಲಿಗೆ ದೇಶದ್ರೋಹಿಯೆಂದು ಹಳದಿ ಬಣ್ಣ ಬಳಿದು ಅವಮಾನ ಮಾಡಿದ ಅಧ್ಯಾಯ ಕೈಗೆ ಬಂದ ದಿನ ಹುಲಿಯಪ್ಪ ಬುತ್ತಿ ಬಿಚ್ಚಿರಲಿಲ್ಲ.

"ಅದು ಅಮೆರಿಕಾ ಮಾರಾಯ. ಅಲ್ಲಿ ಬಸವಣ್ಣನ ವಾರ ಎಲ್ಲೈತೆ?"

"ಅಲ್ಲಿ ಎತ್ತು ಅದಾವೇನ್ರಿ?"

ಅಲ್ಲಿ ಕುದುರೆ ಕಟ್ಟಿ ಉಳುತ್ತಾರೆಂದು ಮೇಷ್ಟರೇ ಓದಿದ್ದರು. ಆದರೆ ಈ ಕಡೆ ಕುದುರೆ ಎಂದರೆ ಜಟಕಾ. ಕುದುರೆಯ ಹಿಂದೆ ನಿಂತ ಕಥಾನಾಯಕ ಸ್ಟೇಷನ್ನಿಗೆ ಗಿರಾಕಿ ಕೂಗುವವನಂತೆ ಕಂಡಾನೆಂದು ಹೆದರಿ, ಕುದುರೆ ತೆಗೆದು, ತಮ್ಮ ಹುಟ್ಟೂರು ಗುತ್ತೂರಿನಲ್ಲಿ ಅಪ್ಪ ಸಾಕಿದ್ದ ಬಿಳಿ ಎತ್ತಿನ ಜೋಡಿಯನ್ನೇ ಅವನಿಗೆ ಕೊಟ್ಟುಬಿಟ್ಟಿದ್ದರು. ಎಡಗಡೆಯದರ ಸೊಟ್ಟ ಕೊಂಬನ್ನೂ ಬಿಟ್ಟಿರಲಿಲ್ಲ. ಒಂದು ದಿನ ಚಾ ಕುಡಿಯುತ್ತ ಇದನ್ನು ಹುಲಿಯಪ್ಪನಿಗೆ ಹೆಮ್ಮೆಯಿಂದ ಹೇಳಿದವರೂ ಅವರೇ.

"ಕುದ್ರೆ ಇದ್ದಿದ್ರೆ ನಾ ಬಾಯಿ ಬಿಡ್ತಿರ್ಲಿಲ್ಲ" ಎಂದ ಹುಲಿಯಪ್ಪ. "ಎತ್ತು ಕೊಟ್ಟ ಮ್ಯಾಲೆ ಸೋಮವಾರ ಎತ್ತಿಂದು. ಇನ್ನೂರು ಪುಟ ಒಳ್ಳೆಯವ್ನಾಗಿ ಬಾಳಿದ ಹುಡುಗ, ಕೊನೀಗೆ ಇಂಥ ಕೆಲಸ ಮಾಡ್ತಾನಾ?"

"ಯುದ್ಧ ನಿಂತಿದ್ದು ಹದಿನೆಂಟನೇ ಇಸವಿ ನವೆಂಬರ್ ಹನ್ನೊಂದು. ಅವತ್ತು ಸೋಮವಾರನೇ. ಚರಿತ್ರೆ ಹೇಳೋನು ನಾನು, ವಾರ ಹೆಂಗೆ ಬದಲಿಸ್ಲಿ?"

"ವಾರ ಯಾಕ ಬದಲಿಸ್ತೀರಿ? ನೊಗ ಬಿಚ್ರಿ."

ಮೇಷ್ಟರಿಗೆ ಸಿಟ್ಟು ನೆತ್ತಿಗೇರಿತು. ಆದರೂ ಗುರುವಾರ ನೆನಪಾಗಿ, ಹಾಳೆಗಳನ್ನೆತ್ತಿಕೊಂಡು ಸ್ಟೂಲಿನ ಮೇಲೆ ಕೂತು ಓದಿದರು. ಯುದ್ಧ ಮುಗಿದ ಗಂಟೆ ಮೊಳಗುತ್ತಿದೆ. ಕಾರ್ಲ್ ಉಳುತ್ತಿದ್ದಾನೆ. ನಾವೆಲ್ಲ ಹಬ್ಬ ಮಾಡುವಾಗ ಇವನೊಬ್ಬ ದುಡಿಯುತ್ತಿದ್ದಾನೆ, ತನ್ನ ದೇಶ ಸೋತ ಹೊಟ್ಟೆಯುರಿ ಎಂದು ಊರವರು ದೊಣ್ಣೆ ಹಿಡಿದು ಹೊಲಕ್ಕೆ ನುಗ್ಗುತ್ತಾರೆ. ಕಾರ್ಲ್ ಮಾನವೀಯತೆಯ ಮೇಲೆ ಮೂರು ಪುಟ ಭಾಷಣ ಮಾಡುತ್ತಾನೆ. ಎಲ್ಲರೂ ಅಳುತ್ತಾರೆ. ಆ ಭಾಷಣವನ್ನು ಹನ್ನೊಂದು ಸಲ ತಿದ್ದಿ ಬರೆದಿದ್ದರು. ಒಂದು ಸಲವೂ ಅವರಿಗೇ ನಂಬಿಕೆ ಬಂದಿರಲಿಲ್ಲ.

"ಭಾಷಣ ಹೆಂಗೈತೆ ಹುಲಿಯಪ್ಪ?" ಮೇಷ್ಟರ ದನಿ ತಗ್ಗಿತ್ತು.

"ಚಲೋ ಐತ್ರಿ. ಆದ್ರೆ ದೊಣ್ಣೆ ಹಿಡ್ಕೊಂಡು ಬಂದೋರು ಅಷ್ಟೊತ್ತು ನಿಲ್ಲಾಕಿಲ್ಲ."

ಮೇಷ್ಟರು ಜೇಬಿನಿಂದ ಪೆನ್ನು ತೆಗೆದು, ಹಾಳೆ ಮಗುಚಿ ಹಿಂಬದಿಯಲ್ಲಿ ಹೊಸದಾಗಿ ಬರೆಯತೊಡಗಿದರು. ಈಗ ಕಾರ್ಲನ ಹೊಲದಲ್ಲಿ ನೇಗಿಲು ಮಲಗಿತ್ತು. ಮೈ ತೊಳೆಸಿಕೊಂಡ ಎತ್ತುಗಳು ಮೆಲುಕು ಹಾಕುತ್ತಿದ್ದವು. ಸೊಟ್ಟ ಕೊಂಬಿನದಕ್ಕೆ ಒರಗಿ ಕಾರ್ಲ್ ಸುಮ್ಮನೆ ಕೂತಿದ್ದ. ಎಲ್ಲರಿಗಿಂತ ಮುಂದೆ ಬಂದ ನೆರೆಮನೆಯ ಮುದುಕ ನಿಂತು ನೋಡಿದ. ಇವನೂ ಇವತ್ತು ನಮ್ಮ ಹಾಗೆ ಕೆಲಸ ಬಿಟ್ಟಿದ್ದಾನೆ ಅಂದುಕೊಂಡ. ಮುದುಕ ದೊಣ್ಣೆ ಕೆಳಗಿಟ್ಟು, ಎತ್ತಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಅದರ ಕೊರಳಡಿಯ ಗಂಗೆದೊಗಲು ತುರಿಸತೊಡಗಿದ. ಕಾರ್ಲ್ ಒಂದು ಮಾತೂ ಆಡಲಿಲ್ಲ.

ಅರ್ಧ ಪುಟಕ್ಕೆ ಕಾದಂಬರಿ ಮುಗಿಯಿತು. ಒಂಬತ್ತು ವರ್ಷ ಆ ಹುಡುಗನನ್ನು ಊರವರೊಂದಿಗೆ ಕೂಡಿಸಲು ಹೆಣಗಿದ್ದು ತಾವು, ಕೂಡಿಸಿದ್ದು ಮೊಳೆ ಜೋಡಿಸುವವನು ಎಂದು ಮೇಷ್ಟರಿಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು. ಹುಲಿಯಪ್ಪ ಓದಿದ. ಕನ್ನಡಕ ತೆಗೆದು ಪಂಚೆಯ ಚುಂಗಿನಲ್ಲಿ ಒರೆಸಿಕೊಂಡ. ಮೊಳೆ ಹೆಕ್ಕಲು ಶುರುಮಾಡಿದ.

ಬಾಗಿಲವರೆಗೆ ಹೋದ ಮೇಷ್ಟರಿಗೆ ಹೊಸ ಅನುಮಾನ ಹತ್ತಿತು.

"ಅಲ್ಲ ಹುಲಿಯಪ್ಪ, ನಾಳೆ ಯಾರಾದ್ರೂ ವಿಮರ್ಶಕ ಕೇಳಿದ್ರೆ? ಸೋಮವಾರ ಎತ್ತು ಹೂಡಬಾರದು ಅಂತ ಆ ಜರ್ಮನಿ ಹುಡುಗನಿಗೆ ಯಾರು ಹೇಳಿದ್ರು ಅಂತ?"

ಹುಲಿಯಪ್ಪ ತಲೆ ಎತ್ತಲಿಲ್ಲ.

"ಯಾರೂ ಹೇಳೋದು ಬ್ಯಾಡ್ರಿ. ಎತ್ತು ಗುತ್ತೂರಿನವು. ಸೋಮವಾರ ಎಬ್ಬಿಸಿದ್ರೂ ಏಳ್ತಿರ್ಲಿಲ್ಲ."