ನೂರಾ ಹದಿನೇಳನೆಯ ಹೂಂ

"ಇದು ಸುಳ್ಳು ಹೂಂ," ಎಂದರು ಅತ್ತೆ, ಅಂಗಿಗೆ ಗುಂಡಿ ಹೊಲಿಯುತ್ತಿದ್ದ ಸೂಜಿಯನ್ನು ಲ್ಯಾಪ್‌ಟಾಪಿನ ಕಡೆಗೆ ತೋರಿಸುತ್ತಾ.

ಸೊಸೆ ರೆಕಾರ್ಡನ್ನು ಅಲ್ಲಿಗೇ ನಿಲ್ಲಿಸಿದಳು. ಡಾಕ್ಟರು ಹೇಳಿದ್ದು ರೋಗಿಗೆ ಎಷ್ಟು ಅರ್ಥವಾಗುತ್ತದೆ ಎಂಬುದರ ಮೇಲೆ ಪಿಎಚ್‌ಡಿ ಮಾಡಲು ಹೊರಟು ಅವಳಿಗೆ ಆರು ವರ್ಷವಾಗಿತ್ತು. ನಾಲ್ಕು ಕ್ಲಿನಿಕ್ಕುಗಳಲ್ಲಿ ನರ್ಸುಗಳು ರೆಕಾರ್ಡ್ ಮಾಡಿಕೊಟ್ಟ ಇನ್ನೂರು ಮಾತುಕತೆಗಳು. ರೋಗಿಗಳಿಗೆ ಹೆಸರಿಲ್ಲ, ಬರೀ ನಂಬರು. ಎಲ್ಲವನ್ನೂ ಟೈಪಿಸ್ಟ್ ಒಬ್ಬಳು ಕಾಗದಕ್ಕೆ ಇಳಿಸಿಕೊಟ್ಟಿದ್ದಳು. "ಅರ್ಥವಾಯ್ತಾ?" ಎಂದು ಡಾಕ್ಟರು ಕೇಳಿದಾಗ "ಹೂಂ" ಎಂದವರನ್ನೆಲ್ಲ ಸೊಸೆ ಅರ್ಥವಾದವರ ಪಟ್ಟಿಗೆ ಸೇರಿಸಿದ್ದಳು. ನೂರಕ್ಕೆ ತೊಂಬತ್ತಾರು ಮಂದಿ! ಗೈಡು ಬೆನ್ನು ತಟ್ಟಿದ್ದರು. ಸೋಮವಾರ ಪ್ರಬಂಧ ಒಪ್ಪಿಸಬೇಕು. ಗಡುವು ಎರಡು ಸಲ ಮುಂದಕ್ಕೆ ಹೋಗಿದೆ, ಮೂರನೆಯ ಸಲ ನೋಂದಣಿಯೇ ರದ್ದು. ಮೌಖಿಕ ಪರೀಕ್ಷೆಯಲ್ಲಿ ಕೇಳಿಸಲು ಒಂದೆರಡು ತುಣುಕು ಆರಿಸೋಣವೆಂದು ಇವತ್ತು ಮೊದಲ ಸಲ ರೆಕಾರ್ಡು ಹಾಕಿದ್ದೇ ತಪ್ಪಾಯಿತು, ಅದೂ ಅತ್ತೆಯ ಎದುರಿಗೆ.

"ಸುಳ್ಳು ಅಂತ ನಿಮಗೆ ಹೇಗೆ ಗೊತ್ತು ಅತ್ತೆ?"

"ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಕೂತು ನಾನು ಇನ್ನೇನು ಕೇಳಿದೀನಿ? ಹಾಕು, ಇನ್ನೊಂದು ಹಾಕು."

ಹಾಕಿದಳು. "ಇದು ಬಸ್ಸಿಗೆ ಹೊತ್ತಾಯ್ತು ಹೂಂ." ಮತ್ತೊಂದು. "ಇದು ಹೆದರಿಕೆ ಹೂಂ. ಆಪರೇಷನ್ ಅಂದ ತಕ್ಷಣ ಇವನ ಕಿವಿ ಮುಚ್ಕೊಂಡಿದೆ, ಪಾಪ." ಇನ್ನೊಂದು. "ಇಲ್ಲಿ ಗಂಡ ಹೆಂಡ್ತಿ ಇಬ್ಬರೂ ಇದಾರೆ. ಅವಳು ಕೇಳಿಸ್ಕೊಂಡ್ಳು ಅಂತ ಇವನು ಹೂಂ, ಇವನು ಕೇಳಿಸ್ಕೊಂಡ ಅಂತ ಅವಳು ಹೂಂ. ಮನೆಗೆ ಹೋದ್ಮೇಲೆ ಇದೆ ಜಗಳ!" ಹತ್ತಕ್ಕೆ ಮೂರು ಪಾಸಾದರೆ ಹೆಚ್ಚು. ಅತ್ತೆಗೋ ಹುರುಪೇ ಹುರುಪು. ಸೊಸೆಗೆ ಅಳು ಒತ್ತರಿಸಿ ಬಂತು. ಹಾಳಾದ್ದು, ಕಾಗದದ ಮೇಲೆ ಎಲ್ಲ ಹೂಂಗಳೂ ಒಂದೇ ಥರ ಕಾಣುತ್ತವೆ. ಈಗ ಲ್ಯಾಪ್‌ಟಾಪ್ ಮುಚ್ಚಿ ಸುಮ್ಮನಾಗಿಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ಮುಚ್ಚಬೇಕೆಂದು ಕೈಯನ್ನೂ ಚಾಚಿದಳು. ಅಷ್ಟರಲ್ಲಿ ನೂರಾ ಹದಿನೇಳನೆಯದು ತಾನಾಗಿಯೇ ಶುರುವಾಯಿತು.

"ಈ ಬಿಪಿ ಮಾತ್ರೆ ದಿನಾ ಬೆಳಿಗ್ಗೆ ಒಂದು. ತಲೆಸುತ್ತು ನಿಂತ್ರೂ ಮಾತ್ರೆ ನಿಲ್ಲಿಸಬಾರದು. ಅರ್ಥವಾಯ್ತಾ ಅಮ್ಮಾ?" ಎಂದು ಡಾಕ್ಟರ ದನಿ. ಅದಕ್ಕೆ ಉತ್ತರವಾಗಿ ರಾಗ ಎಳೆದ ಒಂದು "ಹೂಂ".

ಸೊಸೆ ಬೆಚ್ಚಿಬಿದ್ದಳು. ಮದುವೆಯಾದಾಗಿನಿಂದ ದಿನಕ್ಕೆ ನೂರು ಸಲ ಕೇಳಿದ ಹೂಂ ಅದು. ಮೆಲ್ಲಗೆ ಅತ್ತೆಯ ಮುಖ ನೋಡಿದಳು. ಅತ್ತೆ ಹಲ್ಲಿನಿಂದ ದಾರ ಕಡಿದು ಗಹಗಹಿಸಿ ನಕ್ಕರು. ಊರಿನವರ ದನಿಯೆಲ್ಲ ಬಾಯಿಪಾಠವಾಗಿದ್ದ ಅವರಿಗೆ ಸ್ವಂತ ದನಿಯ ಪರಿಚಯವೇ ಇರಲಿಲ್ಲ.

"ಅಯ್ಯಯ್ಯೋ, ಇವಳು ಭಾರಿ ಕಿಲಾಡಿ ಕಣೇ! ಇವಳು ಮಾತ್ರೆ ತಗೊಳ್ಳೋದಿಲ್ಲ, ಬರ್ಕೋ. ತಲೆಸುತ್ತು ನಿಂತ ಮಾರನೇ ದಿನಾನೇ ಬಂದ್."

"ಮನೆಯವರು ನೋಡ್ತಿರ್ತಾರಲ್ಲ?"

"ನೋಡೋರ ಮುಂದೆ ಗಟಗಟ ಅಂತ ನೀರು ಕುಡಿದ್ರೆ ಆಯ್ತಪ್ಪ."

"ಮತ್ತೆ ಮಾತ್ರೆ?"

"ಅದೇನು, ಗುಂಡಿ ಡಬ್ಬಿಗೆ..." ಎಂದವರೇ ಅತ್ತೆ ಗಪ್ಪನೆ ಬಾಯಿ ಮುಚ್ಚಿದರು.

ಸೊಸೆ ಅವರ ಮಡಿಲಿನಿಂದ ಡಬ್ಬಿ ಎತ್ತಿಕೊಂಡು ಚಾಪೆಯ ಮೇಲೆ ಸುರಿದಳು. ಕೆಂಪು, ನೀಲಿ, ಕಪ್ಪು ಗುಂಡಿಗಳ ನಡುವೆ ಬಿಳಿಯವೇ ಹೆಚ್ಚು, ಅವುಗಳಲ್ಲಿ ಬಹುಪಾಲಿಗೆ ತೂತೇ ಇರಲಿಲ್ಲ.

"ನೂರಾ ಹದಿನೇಳು ನೀವೇ ಅತ್ತೆ."

"ಥೂ, ನನ್ನ ದನಿ ಅಷ್ಟು ಒಡಕಾ?"

"ರೆಕಾರ್ಡ್ ಮಾಡ್ತೀವಿ ಅಂತ ನರ್ಸ್ ಹೇಳಿ ಸಹಿ ಹಾಕಿಸ್ಕೊಂಡಿರಬೇಕಲ್ಲ?"

"ಏನೋ ಗಡಗಡ ಓದಿದ್ಳು. ಹೂಂ ಅಂದು ಹಾಕಿದೆ."

ಸೊಸೆಗೆ ಸಿಟ್ಟು, ನಗು, ಹೆದರಿಕೆ ಎಲ್ಲ ಒಟ್ಟಿಗೇ ಬಂದವು. ಹೆಚ್ಚು ಬಂದದ್ದು ಹೆದರಿಕೆಯೇ. ಈ ಹೆಂಗಸಿಗೆ ಏನಾದರೂ ಆಗಿಬಿಟ್ಟಿದ್ದರೆ, ತೊಂಬತ್ತಾರರ ಲೆಕ್ಕದಲ್ಲಿ ಇವರೂ ಒಬ್ಬರಾಗಿ ಇರುತ್ತಿದ್ದರು! "ಅರ್ಥವಾಗ್ಲಿಲ್ಲ ಅಂತ ಒಂದು ಮಾತು ಹೇಳೋಕೆ ನಿಮಗೇನಾಗಿತ್ತು?" ಎಂದು ಅವಳು ರೇಗಿದಳು.

"ಅಷ್ಟು ಹೊತ್ತು ಗಂಟಲು ಒಣಗಿಸ್ಕೊಂಡು ಹೇಳಿರ್ತಾರೆ. ಇಲ್ಲ ಅಂದ್ರೆ ಬೇಜಾರು ಮಾಡ್ಕೊಳ್ಳಲ್ವೇನೇ? ಹೂಂ ಅನ್ನೋದು ಅವರ ಸಮಾಧಾನಕ್ಕೆ."

ಸೊಸೆ ಕೊನೆಯ ಅಧ್ಯಾಯ ತೆಗೆದು ತೊಂಬತ್ತಾರರ ಮೇಲೆ ಅಡ್ಡಗೆರೆ ಎಳೆದಳು. ಆರು ವರ್ಷದ ಮೇಲೆ ಗೆರೆ ಎಳೆದಷ್ಟು ಸಂಕಟವಾಯಿತು, ಆದರೂ ಎಳೆದಳು. "ಈಗಲೇ ಸೀರೆ ಬದಲಾಯಿಸಿ, ಇಬ್ಬರೂ ಡಾಕ್ಟರ ಹತ್ರ ಹೋಗೋದು. ಬಂದಮೇಲೆ ಸೋಮವಾರದವರೆಗೆ ನೀವು ಅಲ್ಲಾಡೋ ಹಾಗಿಲ್ಲ. ಇನ್ನೂರನ್ನೂ ಕೂತು ಕೇಳಿ ನನಗೆ ಹೇಳಬೇಕು, ಯಾವುದು ನಿಜ, ಯಾವುದು ಸುಳ್ಳು ಅಂತ. ಆದ್ರೆ ಪಿಎಚ್‌ಡಿ, ಇಲ್ಲದಿದ್ರೆ ಇಲ್ಲ."

ಅತ್ತೆ ತೂತಿಲ್ಲದ ಗುಂಡಿಗಳನ್ನು ಒಂದೊಂದಾಗಿ ಆರಿಸಿ ಸೆರಗಿಗೆ ಹಾಕಿಕೊಳ್ಳುತ್ತಿದ್ದರು. ಬಾಗಿಲವರೆಗೆ ಹೋದವರು ನಿಂತು, ತಿರುಗಿ, ಸೊಸೆಯ ಮುಖವನ್ನು ನೋಡದೆಯೇ ಹೇಳಿದರು:

"ಹೋದ ವರ್ಷ ನಿನ್ನ ಪಿಎಚ್‌ಡಿ ಏನು ಅಂತ ನನ್ನ ಕೂರಿಸ್ಕೊಂಡು ಎರಡು ಗಂಟೆ ಹೇಳಿದ್ಯಲ್ಲ... ಅದನ್ನೂ ಇನ್ನೊಂದ್ಸಲ ಮೊದಲಿನಿಂದ ಹೇಳ್ಬಿಡಮ್ಮ."