ಮಾವನ ಆಟದ ಅಂಗಿ

ಜನವರಿ ತಿಂಗಳ ಒಂದು ಭಾನುವಾರ, ಮಧ್ಯಾಹ್ನ ಮೂರು ಗಂಟೆ. ಬೆಂಗಳೂರಿನ ಫುಟ್‌ಬಾಲ್ ಕ್ರೀಡಾಂಗಣದ ಗ್ಯಾಲರಿಯಲ್ಲಿ ಅಜ್ಜಿ, ಅಮ್ಮ ಮತ್ತು ನಾನು ಕುಳಿತಿದ್ದೆವು. ಬಟ್ಟೆ ಸೋಪಿನ ವಾಸನೆ ಬಂದಾಗ ಈಗಲೂ ನನಗೆ ಆ ದಿನವೇ ನೆನಪಾಗುತ್ತದೆ.

ನನ್ನ ಸೋದರಮಾವ ಮೊದಲ ದರ್ಜೆಯ ಲೀಗ್ ತಂಡಕ್ಕೆ ಆಯ್ಕೆಯಾಗಿದ್ದ. ಮಗ ಆಡುವುದನ್ನು ನೋಡಲೆಂದೇ ಅಜ್ಜಿ ಮಿಡಿಗೇಶಿಯಿಂದ ಬೆಳಗಿನ ಬಸ್ಸು ಹಿಡಿದು ಬಂದಿದ್ದಳು. ಆಟ ಶುರುವಾಯಿತು. ಮಾವ ಮಾತ್ರ ಗೆರೆಯಾಚೆಯ ಬೆಂಚಿನಲ್ಲೇ ಉಳಿದ.

“ಎಲ್ರೂ ಓಡ್ತಾವ್ರೆ, ನಮ್ಮೋನ್ಯಾಕೆ ಕುಂತವ್ನೆ?” ಅಜ್ಜಿ ಕೇಳಿದಳು.

“ಯಾರಾದ್ರೂ ಸುಸ್ತಾದ್ರೆ ಇವನ್ನ ಇಳಿಸ್ತಾರೆ ಕಣವ್ವ,” ಎಂದಳು ಅಮ್ಮ.

ಹಿಂದೆ ಕುಳಿತಿದ್ದವನೊಬ್ಬ ನಕ್ಕ. “ನಿಮ್ ಮಗ ಮೇಸ್ತ್ರಿ ಕಣಜ್ಜಿ. ಕುಂತ್ಕಂಡೇ ಕೆಲ್ಸ ಮಾಡಿಸ್ತಾನೆ.”

“ಕುಂತು ತಿನ್ನೋನ್ನ ನಾನು ಹೆತ್ತಿಲ್ಲ ಕಣಪ್ಪ,” ಎಂದ ಅಜ್ಜಿ ಎದ್ದು ನಿಂತು ಕೂಗಿದಳು: “ಲೇ, ಎದ್ದೇಳ್ಲಾ!”

ಗ್ಯಾಲರಿಯೆಲ್ಲ ನಕ್ಕಿತು. ಮಾವ ತಲೆ ತಗ್ಗಿಸಿ, ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟಿಕೊಂಡ. ಕೊನೆಯ ಸೀಟಿಯವರೆಗೂ ಅವನನ್ನು ಯಾರೂ ಕರೆಯಲಿಲ್ಲ.

ಸಂಜೆ ಅವನ ಬಾಡಿಗೆ ಕೋಣೆಗೆ ಹೋದೆವು.

“ಅಂಗಿ ಬಿಚ್ಚು, ಒಗ್ದಾಕ್ತೀನಿ,” ಎಂದಳು ಅಜ್ಜಿ.

“ಕೊಳೆನೇ ಆಗಿಲ್ಲ ಬುಡವ್ವ,” ಎಂದ ಮಾವ.

“ಅಷ್ಟೊತ್ತು ಬಿಸ್ಲಲ್ಲಿ ಕುಂತಿದ್ಯಲ್ಲ, ಬೆವ್ತಿರ್ತೀಯ. ಬಿಚ್ಲಾ.”

ಹೊಲದಿಂದ ಬಂದವರ ಬಟ್ಟೆ ಒಗೆಯುವ ಹಾಗೆಯೇ ಅವಳು ಸೋಪು ಹಚ್ಚಿ, ಕಲ್ಲಿನ ಮೇಲೆ ತಿಕ್ಕಿದಳು. ನೊರೆ ಕೊನೆಯವರೆಗೂ ಬೆಳ್ಳಗೇ ಇತ್ತು. ಊರಿಗೆ ಮರಳುವ ಮಧುಗಿರಿ ಬಸ್ಸಿಗೆ ಹೊತ್ತಾಗಿತ್ತು. ಆದರೂ ಅಂಗಿಯನ್ನು ಹಿಂಡಿ, ಕೊಡವಿ, ಬೆನ್ನಿನ ನಂಬರು ಬೀದಿಗೆ ಕಾಣುವಂತೆ ತಂತಿಯ ಮೇಲೆ ಹರವಿದಳು.